ಕಡಲಿನ ವರ್ಣಮಾಲೆಯನ್ನು ಓದೋಣ ಬನ್ನಿ

ಮಸ್ಕತ್ತಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಅಂಗಡಿಗಳ ಫಲಕದಲ್ಲಿ ಅರಬಿ ಹೀಗೆ ಹಲವು ಲಿಪಿಗಳನ್ನು ನೋಡುತ್ತಾರೆ. ಇವುಗಳ ಜೊತೆಗೆ ಇನ್ನೊಂದು ಲಿಪಿಯೂ ಪ್ರತಿ ರಾತ್ರಿ ನಮ್ಮ ಕಣ್ಣೆದುರಿಗೇ ಇರುತ್ತದೆ. ಮತ್ರಾ ಕಾರ್ನಿಶ್‌ನಲ್ಲಿ ಸಂಜೆಯ ನಂತರ ನಡೆಯುವಾಗ ಕಡಲಿನ ಮೇಲೆ ಕಾಣುವ ಕೆಂಪು, ಹಸಿರು, ಬಿಳಿ ದೀಪಗಳೇ ಆ ಲಿಪಿ. ಅವು ಅಲಂಕಾರಕ್ಕಾಗಿ ಉರಿಯುತ್ತಿಲ್ಲ. ಪ್ರತಿಯೊಂದು ದೀಪವೂ ಏನನ್ನೋ ಹೇಳುತ್ತಿದೆ. ಅದನ್ನು ಓದುವುದು ಹೇಗೆಂದು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಈ ಲಿಪಿ ಏಕೆ ಬೇಕು?

ರಸ್ತೆಯಲ್ಲಿ ಗೆರೆಗಳಿವೆ, ಸಿಗ್ನಲ್‌ಗಳಿವೆ, ಕಾರಿಗೆ ಬ್ರೇಕ್ ಇದೆ. ಕಡಲಿನ ನೀರಿನ ಮೇಲೆ ಗೆರೆ ಎಳೆಯಲಾಗುವುದಿಲ್ಲ. ಪೂರ್ಣ ವೇಗದಲ್ಲಿ ಸಾಗುವ ದೊಡ್ಡ ತೈಲ ಹಡಗು ನಿಲ್ಲಬೇಕಾದರೆ ಹಲವು ಕಿಲೋಮೀಟರ್ ಬೇಕಾಗುತ್ತದೆ. ಆದ್ದರಿಂದ ಎದುರಿನ ಹಡಗು ಯಾವ ಕಡೆಗೆ ಹೋಗುತ್ತಿದೆ, ದಾರಿ ಬಿಡಬೇಕಾದವರು ಯಾರು ಎಂಬುದು ಬಹಳ ಮೊದಲೇ ಗೊತ್ತಾಗಬೇಕು. ಒಂದೇ ಹಡಗಿನಲ್ಲಿ ನಾಲ್ಕೈದು ದೇಶಗಳ ಸಿಬ್ಬಂದಿ ಇರುವುದುಂಟು. ಎದುರಿನ ಹಡಗಿನವರ ಭಾಷೆ ನಮಗೆ ಬಾರದಿರಬಹುದು. ಅದಕ್ಕಾಗಿಯೇ ಎಲ್ಲ ದೇಶಗಳಿಗೂ ಒಂದೇ ರೀತಿಯ ನಿಯಮಗಳನ್ನು 1972ರಲ್ಲಿ ರೂಪಿಸಲಾಯಿತು. ಅವು 1977ರ ಜುಲೈ 15ರಂದು ಜಾರಿಗೆ ಬಂದವು.

ಈಗ ರೇಡಾರ್ ಇದೆ, ಉಪಗ್ರಹದ ಸಹಾಯವಿದೆ, ದೀಪಗಳನ್ನು ಏಕೆ ನೋಡಬೇಕು ಎಂದು ಕೆಲವರು ಕೇಳಬಹುದು. ಆದರೆ ಕಣ್ಣು ಮತ್ತು ಕಿವಿಗಳಿಂದ ಸದಾ ಕಾವಲು ಕಾಯಬೇಕು ಎಂಬುದು ಆ ನಿಯಮಗಳಲ್ಲಿ ಇಂದಿಗೂ ಇದೆ. ಸಣ್ಣ ಮೀನುಗಾರಿಕೆ ದೋಣಿಯೊಂದು ಯಂತ್ರದ ಪರದೆಯಲ್ಲಿ ಕಾಣದೇ ಹೋಗಬಹುದು. ಅದರ ದೀಪವನ್ನು ಮನುಷ್ಯನ ಕಣ್ಣೇ ಕಾಣಬೇಕು.

ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ಹಡಗಿನಲ್ಲಿ ಮುಂದಕ್ಕೆ ಮುಖ ಮಾಡಿ ನಿಂತರೆ ಎಡಬದಿಯಲ್ಲಿ ಕೆಂಪು ದೀಪ, ಬಲಬದಿಯಲ್ಲಿ ಹಸಿರು ದೀಪ ಇರುತ್ತದೆ. ನಾವಿಕರು ಎಡಬದಿಯನ್ನು ಪೋರ್ಟ್ ಎಂದೂ ಬಲಬದಿಯನ್ನು ಸ್ಟಾರ್‌ಬೋರ್ಡ್ ಎಂದೂ ಕರೆಯುತ್ತಾರೆ. ಇದನ್ನು ನೆನಪಿಡಲು ಕನ್ನಡದವರಿಗೆ ಸುಲಭವಾದ ದಾರಿಯಿದೆ. ಹೊಸ ಮನೆಗೆ ಕಾಲಿಡುವಾಗ ‘ಬಲಗಾಲಿಟ್ಟು ಒಳಗೆ ಬಾ’ ಎನ್ನುತ್ತೇವಲ್ಲವೇ? ಬಲ ಎಂದರೆ ಶುಭ, ಶುಭಕ್ಕೆ ಹಸಿರು. ಉಳಿದ ಎಡಕ್ಕೆ ಕೆಂಪು.

ಈ ದೀಪಗಳು ಎಲ್ಲ ಕಡೆಗೂ ಕಾಣುವುದಿಲ್ಲ. ಇದೇ ಈ ವ್ಯವಸ್ಥೆಯ ಜಾಣತನ. ಕೆಂಪು ದೀಪವು ಹಡಗಿನ ನೇರ ಮುಂದಿನಿಂದ ಎಡಕ್ಕೆ 112.5 ಡಿಗ್ರಿಯವರೆಗೆ ಮಾತ್ರ ಕಾಣುತ್ತದೆ. ಹಸಿರು ದೀಪವು ಹಾಗೆಯೇ ಬಲಕ್ಕೆ 112.5 ಡಿಗ್ರಿ. ಹಿಂಭಾಗದ ಬಿಳಿ ದೀಪ ಉಳಿದ 135 ಡಿಗ್ರಿ. ಮೂರನ್ನೂ ಕೂಡಿಸಿ ನೋಡಿ, 360 ಡಿಗ್ರಿಯ ಪೂರ್ಣ ವೃತ್ತ ಬರುತ್ತದೆ. ಇವುಗಳ ಜೊತೆಗೆ ಯಂತ್ರದಿಂದ ಸಾಗುವ ಹಡಗಿನ ಕೂವೆಕಂಬದ ಮೇಲೆ ಮುಂದಕ್ಕೆ 225 ಡಿಗ್ರಿಯಷ್ಟು ಕಾಣುವ ಬಿಳಿ ದೀಪವಿರುತ್ತದೆ. 50 ಮೀಟರ್ ಅಥವಾ ಅದಕ್ಕಿಂತ ಉದ್ದದ ಹಡಗಿಗೆ ಇಂತಹ ಎರಡು ದೀಪಗಳು ಕಡ್ಡಾಯ. ಅವುಗಳಲ್ಲಿ ಹಿಂದಿನದು ಮುಂದಿನದಕ್ಕಿಂತ ಎತ್ತರದಲ್ಲಿರಬೇಕು. ಹಾಯಿಯಿಂದಷ್ಟೇ ಸಾಗುವ ದೋಣಿಗೆ ಕೂವೆಕಂಬದ ಈ ಬಿಳಿ ದೀಪ ಇರುವುದಿಲ್ಲ.

ಕಂಡದ್ದನ್ನು ಓದುವುದು

ನಾವೀಗ ಒಂದು ಯಂತ್ರದ ದೋಣಿಯಲ್ಲಿ ಕುಳಿತಿದ್ದೇವೆ, ಕತ್ತಲಾಗಿದೆ ಎಂದುಕೊಳ್ಳೋಣ. ಎದುರಿಗಿರುವುದೂ ಯಂತ್ರದ ಹಡಗು.

ಎದುರಿನಲ್ಲಿ ಕೆಂಪು ಮತ್ತು ಹಸಿರು ಎರಡೂ ಒಟ್ಟಿಗೆ ಕಂಡರೆ ಆ ಹಡಗು ನೇರವಾಗಿ ನಮ್ಮ ಕಡೆಗೇ ಬರುತ್ತಿದೆ. ಆಗ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಎಡಬದಿಗೆ ಎಡಬದಿಯಾಗಿ ಸುರಕ್ಷಿತವಾಗಿ ದಾಟಿ ಹೋಗಬಹುದು.

ನಮ್ಮ ಬಲಗಡೆಯಿಂದ ಅಡ್ಡ ಬರುವ ಹಡಗಿನ ಕೆಂಪು ದೀಪ ಕಂಡರೆ ದಾರಿ ಬಿಡಬೇಕಾದವರು ನಾವು. ಅದರ ಮುಂದೆ ನುಗ್ಗಬಾರದು. ನಮ್ಮ ಎಡಗಡೆಯಿಂದ ಅಡ್ಡ ಬರುವ ಹಡಗಿನ ಹಸಿರು ದೀಪ ಕಂಡರೆ ದಾರಿ ಬಿಡಬೇಕಾದದ್ದು ಅದು. ನಾವು ನಮ್ಮ ದಿಕ್ಕು ಮತ್ತು ವೇಗವನ್ನು ಬದಲಿಸದೆ ಸಾಗಬೇಕು, ಆದರೆ ಕಣ್ಣು ಅದರ ಮೇಲೆಯೇ ಇರಬೇಕು. ಅಂದರೆ ರಸ್ತೆಯ ಸಿಗ್ನಲ್‌ನಂತೆಯೇ ಇಲ್ಲಿಯೂ ಕೆಂಪು ‘ತಾಳು’ ಎನ್ನುತ್ತದೆ, ಹಸಿರು ‘ಹೋಗು’ ಎನ್ನುತ್ತದೆ. ಹಿಂಭಾಗದ ಒಂದು ಬಿಳಿ ದೀಪವಷ್ಟೇ ಕಂಡು ನಾವು ಅದಕ್ಕೆ ಹತ್ತಿರವಾಗುತ್ತಿದ್ದರೆ ನಾವು ಅದನ್ನು ಹಿಂದಿಕ್ಕುತ್ತಿದ್ದೇವೆ. ಹಿಂದಿಕ್ಕುವವರೇ ದೂರ ಸರಿಯಬೇಕು.

ಡಿಕ್ಕಿಯ ಅಪಾಯವಿದೆಯೇ ಎಂದು ತಿಳಿಯಲು ದಿಕ್ಸೂಚಿಯಲ್ಲಿ ಆ ದೀಪದ ದಿಕ್ಕನ್ನು ಆಗಾಗ ಗುರುತಿಸಿಕೊಳ್ಳಬೇಕು. ದೀಪ ಹತ್ತಿರವಾಗುತ್ತಿದ್ದರೂ ದಿಕ್ಕು ಬದಲಾಗದೆ ಇದ್ದಲ್ಲಿಯೇ ಇದ್ದರೆ, ಮಕ್ಕಳೇ, ಅದೇ ಅಪಾಯದ ಗುರುತು! ಕದಲದ ದೀಪ ಕಣ್ಣಿಗೆ ಶಾಂತವಾಗಿ ಕಾಣುತ್ತದೆ, ಆದರೆ ಕಡಲಿನಲ್ಲಿ ಅದಕ್ಕೇ ಹೆಚ್ಚು ಹೆದರಬೇಕು.

ಕೆಲಸದಲ್ಲಿರುವ ಹಡಗುಗಳು

ಕೆಲವು ಹಡಗುಗಳು ಸುಲಭವಾಗಿ ತಿರುಗಲಾರವು. ಅವು ತಮ್ಮ ಕಷ್ಟವನ್ನು ರಾತ್ರಿ ಒಂದರ ಕೆಳಗೊಂದು ದೀಪದಿಂದಲೂ ಹಗಲು ಕಪ್ಪು ಆಕಾರಗಳಿಂದಲೂ ತಿಳಿಸುತ್ತವೆ. ಈ ಗೋಳಗಳ ವ್ಯಾಸ ದೊಡ್ಡ ಹಡಗುಗಳಲ್ಲಿ ಕನಿಷ್ಠ 0.6 ಮೀಟರ್ ಇರಬೇಕು.

ಲಂಗರು ಹಾಕಿ ನಿಂತ ಹಡಗು: ರಾತ್ರಿ ಸುತ್ತಲೂ ಕಾಣುವ ಬಿಳಿ ದೀಪ, ಹಗಲು ಒಂದು ಕಪ್ಪು ಗೋಳ. 50 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗಿಗೆ ಮುಂದೊಂದು, ಹಿಂದೊಂದು ದೀಪ. ಇಲ್ಲಿ ಮುಂದಿನದು ಎತ್ತರದಲ್ಲಿರುತ್ತದೆ.

ಕೆಟ್ಟು, ಹಿಡಿತ ತಪ್ಪಿದ ಹಡಗು: ಎರಡು ಕೆಂಪು ದೀಪ, ಹಗಲು ಎರಡು ಗೋಳ.

ಮಾಡುತ್ತಿರುವ ಕೆಲಸದಿಂದಾಗಿ ತಿರುಗಲಾಗದ ಹಡಗು: ಕೆಂಪು, ಬಿಳಿ, ಕೆಂಪು. ಹಗಲು ಗೋಳ, ವಜ್ರಾಕಾರ, ಗೋಳ. ಕಡಲ ತಳದಲ್ಲಿ ಕೇಬಲ್ ಹಾಕುವ ಹಡಗು ಇದಕ್ಕೆ ಉದಾಹರಣೆ.

ಮೀನು ಹಿಡಿಯುವ ಹಡಗು: ಬಲೆಯನ್ನು ಎಳೆಯುತ್ತ ಸಾಗುವ ಟ್ರಾಲರ್‌ಗೆ ಬಿಳಿಯ ಮೇಲೆ ಹಸಿರು, ಇತರ ರೀತಿಯ ಮೀನುಗಾರಿಕೆಗೆ ಬಿಳಿಯ ಮೇಲೆ ಕೆಂಪು. ಹಗಲು ಎರಡು ಶಂಕುಗಳು ತುದಿಗೆ ತುದಿ ತಾಗಿಸಿದಂತೆ, ಅಂದರೆ ಶಿವನ ಡಮರುಗದಂತೆ ಕಾಣುತ್ತವೆ.

ಪೈಲಟ್ ದೋಣಿ: ಮೇಲೆ ಬಿಳಿ, ಕೆಳಗೆ ಕೆಂಪು. ಬಂದರಿನ ದಾರಿ ಬಲ್ಲ ಮಾರ್ಗದರ್ಶಕನನ್ನು ಹಡಗಿಗೆ ಕರೆದೊಯ್ಯುವ ದೋಣಿ ಇದು.

ಬಾಯ್‌ಗಳು: ನೀರಿನ ಮೇಲಿನ ಕೈಮರ

ಹಡಗು ತನ್ನ ಬಗ್ಗೆ ದೀಪದಿಂದ ಹೇಳುತ್ತದೆ. ನೀರಿನ ಅಡಿಯಲ್ಲಿರುವ ಬಂಡೆ, ಮರಳದಿಣ್ಣೆಗಳಿಗೆ ಬಾಯಿಲ್ಲ. ಅವುಗಳ ಪರವಾಗಿ ಮಾತನಾಡುವುದು ಬಾಯ್ ಎಂಬ ತೇಲುಗುರುತು.

ಬಂದರಿನೊಳಗೆ ಬರುವಾಗ ಕಾಲುವೆಯ ಎಡಬದಿಯ ಬಾಯ್‌ಗೆ ಕೆಂಪು ಬಣ್ಣ, ಡಬ್ಬಿಯ ಆಕಾರ. ಬಲಬದಿಯದಕ್ಕೆ ಹಸಿರು ಬಣ್ಣ, ಶಂಕುವಿನ ಆಕಾರ. ಇಲ್ಲಿ ಓಮಾನಿನಲ್ಲಿಯೂ ನಮ್ಮ ಮಂಗಳೂರು, ಕಾರವಾರಗಳಲ್ಲಿಯೂ ನಿಯಮ ಇದೇ. ಆದರೆ ಅಮೆರಿಕಾ ಖಂಡಗಳಲ್ಲಿ, ಜಪಾನ್, ಕೊರಿಯಾ ಮತ್ತು ಫಿಲಿಪೈನ್ಸ್‌ಗಳಲ್ಲಿ ಬಣ್ಣಗಳು ಅದಲುಬದಲು, ಬಂದರಿಗೆ ಬರುವಾಗ ಕೆಂಪು ಬಲಕ್ಕೆ. ಆಕಾರ ಮಾತ್ರ ಬದಲಾಗುವುದಿಲ್ಲ. ಬೇರೆ ಬೇರೆ ದೇಶಗಳ ಹಳೆಯ ಪದ್ಧತಿಗಳನ್ನು 1980ರಲ್ಲಿ ಒಂದೇ ವ್ಯವಸ್ಥೆಗೆ ತಂದಾಗ ಈ ಒಂದು ವ್ಯತ್ಯಾಸ ಉಳಿದುಕೊಂಡಿತು. ಆದ್ದರಿಂದ ಅಮೆರಿಕದಲ್ಲಿರುವ ಅಣ್ಣನೊಡನೆ ಬಾಯ್ ಬಣ್ಣದ ಬಗ್ಗೆ ವಾದಕ್ಕಿಳಿದರೆ ಇಬ್ಬರೂ ಸರಿಯಿರಬಹುದು! ಹಡಗಿನ ದೀಪಗಳಲ್ಲಿ ಮಾತ್ರ ಜಗತ್ತಿನೆಲ್ಲೆಡೆ ಎಡಕ್ಕೆ ಕೆಂಪೇ.

ಅಪಾಯದ ಯಾವ ದಿಕ್ಕಿನಲ್ಲಿ ಸುರಕ್ಷಿತ ನೀರಿದೆ ಎಂದು ಹೇಳುವ ಬಾಯ್‌ಗಳು ಕಪ್ಪು ಮತ್ತು ಹಳದಿ ಬಣ್ಣದವು. ಇವುಗಳ ತಲೆಯ ಮೇಲೆ ಎರಡು ಕಪ್ಪು ಶಂಕುಗಳಿರುತ್ತವೆ. ಉತ್ತರದ ಬಾಯ್‌ನಲ್ಲಿ ಎರಡೂ ತುದಿ ಮೇಲಕ್ಕೆ, ದಕ್ಷಿಣದ್ದರಲ್ಲಿ ಎರಡೂ ಕೆಳಕ್ಕೆ. ಪೂರ್ವದ್ದರಲ್ಲಿ ಬುಡಕ್ಕೆ ಬುಡ, ಎರಡು ಬುಗುರಿಗಳ ತಲೆ ಜೋಡಿಸಿದಂತೆ. ಪಶ್ಚಿಮದ್ದರಲ್ಲಿ ತುದಿಗೆ ತುದಿ, ಮತ್ತೆ ಡಮರುಗ. ಶಂಕುವಿನ ತುದಿ ತೋರಿಸುವ ಕಡೆಗೇ ಬಾಯ್‌ನ ಕಪ್ಪು ಬಣ್ಣವಿರುತ್ತದೆ. ಉತ್ತರದ ಬಾಯ್ ಕಂಡರೆ ಅದರ ಉತ್ತರಕ್ಕೆ ಸಾಗಬೇಕು. ರಾತ್ರಿಯಲ್ಲಿ ಇವುಗಳ ಬಿಳಿ ದೀಪವನ್ನು ಗಡಿಯಾರದಂತೆ ಓದಬಹುದು. ಪೂರ್ವಕ್ಕೆ 3 ಮಿನುಗು, ದಕ್ಷಿಣಕ್ಕೆ 6 ಮಿನುಗು ಮತ್ತು ಒಂದು ದೀರ್ಘ ಬೆಳಕು, ಪಶ್ಚಿಮಕ್ಕೆ 9 ಮಿನುಗು. ಉತ್ತರದ್ದು ಬಿಡುವಿಲ್ಲದೆ ಮಿನುಗುತ್ತದೆ.

ಒಂಟಿ ಅಪಾಯದ ಮೇಲಿನ ಬಾಯ್‌ಗೆ ಕಪ್ಪು-ಕೆಂಪು ಪಟ್ಟಿಗಳು, ತಲೆಯ ಮೇಲೆ ಎರಡು ಕಪ್ಪು ಗೋಳ. ಸುತ್ತಲೂ ಸುರಕ್ಷಿತ ನೀರಿದೆ ಎನ್ನುವ ಬಾಯ್‌ಗೆ ಕೆಂಪು-ಬಿಳಿ ಉದ್ದ ಗೆರೆಗಳು, ತಲೆಯ ಮೇಲೆ ಒಂದು ಕೆಂಪು ಗೋಳ.

ಓದದೇ ಹೋದರೆ?

2002ರ ಡಿಸೆಂಬರ್ 14ರಂದು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಮಂಜು ಕವಿದಿತ್ತು. ಸುಮಾರು 2,900 ಕಾರುಗಳನ್ನು ಹೊತ್ತಿದ್ದ ಟ್ರೈಕಲರ್ ಎಂಬ ಹಡಗಿಗೆ ಕರಿಬಾ ಎಂಬ ಹಡಗು ಡಿಕ್ಕಿ ಹೊಡೆಯಿತು. ಟ್ರೈಕಲರ್ ಮಗುಚಿ ಮುಳುಗಿತು. ಸಿಬ್ಬಂದಿಯೆಲ್ಲರೂ ಬದುಕುಳಿದರು. ಮುಳುಗಿದ ಹಡಗನ್ನು ಗುರುತಿಸಿ ಕಾವಲು ಹಡಗನ್ನೂ ನಿಲ್ಲಿಸಲಾಯಿತು. ಆದರೂ ಎರಡು ದಿನಗಳ ನಂತರ ನಿಕೋಲಾ ಎಂಬ ಹಡಗು ಅದರ ಮೇಲೆಯೇ ಹೋಗಿ ಸಿಲುಕಿತು. ಇನ್ನಷ್ಟು ಬಾಯ್‌ಗಳನ್ನು ಇಟ್ಟ ಮೇಲೂ 2003ರ ಜನವರಿ 1ರಂದು ವಿಕಿ ಎಂಬ ತೈಲ ಹಡಗು ಅದಕ್ಕೆ ಬಡಿಯಿತು.

ಈ ಘಟನೆಯ ನಂತರ ಹೊಸದಾಗಿ ಮುಳುಗಿದ ಹಡಗಿನ ಸುತ್ತ ಇಡಲು ನೀಲಿ-ಹಳದಿ ಉದ್ದ ಗೆರೆಗಳ, ನೀಲಿ ಮತ್ತು ಹಳದಿ ಬೆಳಕನ್ನು ಸರದಿಯಲ್ಲಿ ಬೀರುವ ವಿಶೇಷ ಬಾಯ್ ಬಳಕೆಗೆ ಬಂತು. ಗುರುತು ಇನ್ನೂ ಸ್ಪಷ್ಟವಾಯಿತು, ಒಳ್ಳೆಯದೇ. ಆದರೆ ಗುರುತನ್ನು ಇಡುವುದು ಅರ್ಧ ಕೆಲಸ. ಅದನ್ನು ಯಾರಾದರೂ ನೋಡಿ, ಓದಿ, ಸಮಯಕ್ಕೆ ಸರಿಯಾಗಿ ತಿರುಗಿದಾಗಲೇ ಕೆಲಸ ಪೂರ್ಣವಾಗುತ್ತದೆ.

ಮನೆಯಲ್ಲಿ ಮಾಡಿ ನೋಡಿ

ಮೂರು ಸಣ್ಣ ಟಾರ್ಚ್‌ಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು ಬಣ್ಣದ ಹಾಳೆ ಕಟ್ಟಿ. ತಾಯಿ ಅಥವಾ ತಂದೆ ಹಡಗಾಗಲಿ. ಎಡಗೈಯಲ್ಲಿ ಕೆಂಪು, ಬಲಗೈಯಲ್ಲಿ ಹಸಿರು, ಬೆನ್ನಿಗೆ ಬಿಳಿ ಟಾರ್ಚ್ ಇರಲಿ. ಕೋಣೆಯ ದೀಪ ಆರಿಸಿ ಅವರು ನಿಧಾನವಾಗಿ ತಿರುಗಲಿ. ‘ಹಡಗು ಯಾವ ಕಡೆ ಮುಖ ಮಾಡಿದೆ?’ ಎಂದು ಮಕ್ಕಳು ಹೇಳಬೇಕು. ರಜೆಗೆ ಊರಿಗೆ ಹೋಗುವಾಗ ರಾತ್ರಿಯ ವಿಮಾನದ ರೆಕ್ಕೆಯ ತುದಿಯನ್ನೂ ನೋಡಿ. ಅಲ್ಲಿಯೂ ಎಡಕ್ಕೆ ಕೆಂಪು, ಬಲಕ್ಕೆ ಹಸಿರು.

ಪ್ರಶ್ನೆಗಳು

1. ನಮ್ಮ ಬಲಗಡೆಯಲ್ಲಿ ಒಂದು ಹಡಗಿನ ಕೆಂಪು ದೀಪವೂ ಎರಡು ಬಿಳಿ ದೀಪಗಳೂ ಕಾಣುತ್ತಿವೆ. ಬಿಳಿ ದೀಪಗಳಲ್ಲಿ ಎಡಗಡೆಯದು ತಗ್ಗಿನಲ್ಲಿದೆ. ಹಡಗು ಯಾವ ಕಡೆಗೆ ಹೋಗುತ್ತಿದೆ?
2. ಹಗಲಿನಲ್ಲಿ ಕೂವೆಕಂಬದ ಮೇಲೆ ಡಮರುಗದ ಆಕಾರ ಕಂಡಿತು. ಅರ್ಥವೇನು?
3. ಮೇಲೆ ಹಳದಿ, ಕೆಳಗೆ ಕಪ್ಪು ಇರುವ ಬಾಯ್ ಕಂಡಿತು. ಯಾವ ಕಡೆಯಿಂದ ಹೋಗಬೇಕು?
4. ಮಂಗಳೂರು ಬಂದರಿಗೆ ಬರುವಾಗ ಕೆಂಪು ಬಾಯ್ ನಮ್ಮ ಯಾವ ಕೈಗೆ ಇರಬೇಕು?

ಉತ್ತರಗಳು: 1. ನಮ್ಮ ಬಲದಿಂದ ಎಡಕ್ಕೆ; ನಾವು ದಾರಿ ಬಿಡಬೇಕು. 2. ಮೀನು ಹಿಡಿಯುತ್ತಿದೆ. 3. ದಕ್ಷಿಣದಿಂದ. 4. ಎಡಗೈಗೆ.

ಪೋಷಕರಲ್ಲಿ ಒಂದು ಮಾತು. ಇಷ್ಟು ಕಲಿತ ಮಾತ್ರಕ್ಕೆ ದೋಣಿ ನಡೆಸಲು ಬಂತೆಂದಲ್ಲ. ದೋಣಿ ಹತ್ತುವಾಗ ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸಿ, ಬಾಯ್‌ಗೆ ದೋಣಿಯನ್ನು ಎಂದೂ ಕಟ್ಟಬೇಡಿ. ಮುಂದಿನ ಸಲ ಕಡಲ ತೀರಕ್ಕೆ ಹೋದಾಗ ಮಕ್ಕಳೊಡನೆ ಹತ್ತು ನಿಮಿಷ ನಿಂತು ಒಂದು ದೀಪವನ್ನು ಓದಿ. ಅದರ ಹಿಂದೆ ಮನೆಯಿಂದ ದೂರವಿದ್ದು ದುಡಿಯುವ ಜನರಿದ್ದಾರೆ. ‘ನಾನು ಇಲ್ಲಿದ್ದೇನೆ, ಈ ಕಡೆಗೆ ಹೋಗುತ್ತಿದ್ದೇನೆ’ ಎಂದು ಅವರು ಹೇಳುತ್ತಿದ್ದಾರೆ. ಅದನ್ನು ಅರ್ಥಮಾಡಿಕೊಂಡು ದಾರಿ ಕೊಡುವುದೇ ಈ ಪಾಠದ ಸಾರ.