ಸೆರೆಮನೆಯಿಂದ ಬಂದ ಪತ್ರ: ಮನವಿ ಬರವಣಿಗೆಯ ಪಾಠಕ್ಕೆ ಪೂರಕ ಅಧ್ಯಯನ

ಪ್ರವೇಶ

ಪ್ರೌಢಶಾಲೆಯ ಕನ್ನಡ ತರಗತಿಗಳಲ್ಲಿ ಮನವಿ ಪತ್ರ ಹಾಗೂ ದೂರು ಪತ್ರಗಳ ಬರವಣಿಗೆಯನ್ನು ಕಲಿಸುವುದು ವಾಡಿಕೆ. ಬೀದಿದೀಪ ಉರಿಯದಿರುವುದು, ಕುಡಿಯುವ ನೀರಿನ ಕೊರತೆ, ರಸ್ತೆಯ ದುಃಸ್ಥಿತಿ ಮೊದಲಾದ ವಿಷಯಗಳನ್ನು ಕೊಟ್ಟಾಗ ವಿದ್ಯಾರ್ಥಿಗಳು ವಿಳಾಸ, ದಿನಾಂಕ, ಒಕ್ಕಣೆಗಳನ್ನು ಕ್ರಮವಾಗಿ ಜೋಡಿಸುತ್ತಾರೆ. ಆದರೆ ಪತ್ರವೊಂದು ಏನನ್ನು ಸಾಧಿಸಬಲ್ಲದು ಎಂಬ ಅರಿವು ಆ ಅಭ್ಯಾಸದಿಂದ ಮೂಡುವುದು ಅಪರೂಪ. ಸೆರೆಮನೆಯೊಳಗಿನಿಂದ ಹೊರಟ ಒಂದು ಪತ್ರದ ಕಥೆ ಈ ಕೊರತೆಯನ್ನು ತುಂಬಬಲ್ಲದು.

ಕಲಿಕಾ ಸಾಧನೆಗಳು

1. ಬಂಧನದಲ್ಲಿರುವ ವ್ಯಕ್ತಿಗೂ ಸಂವಿಧಾನದತ್ತ ಹಕ್ಕುಗಳಿವೆ ಎಂಬುದನ್ನು ವಿದ್ಯಾರ್ಥಿಯು ವಿವರಿಸುವನು.
2. ಅಹವಾಲನ್ನು ಸಲ್ಲಿಸುವ ಮಾರ್ಗಗಳನ್ನು ಗುರುತಿಸುವನು.
3. ನಡೆದ ಸಂಗತಿಯನ್ನು ಸ್ಪಷ್ಟವಾಗಿ ನಿರೂಪಿಸುವ ಮನವಿಯನ್ನು ಬರೆಯುವನು.

ವಿಷಯ ವಿವರಣೆ

ದೆಹಲಿಯ ತಿಹಾರ್ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಎಂಬ ಕೈದಿಯು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದನು. ಅದು ತನ್ನ ಪ್ರಾಣಭಿಕ್ಷೆಗಾಗಿ ಬರೆದದ್ದಲ್ಲ. ಅದೇ ಸೆರೆಮನೆಯ ಇನ್ನೊಬ್ಬ ಕೈದಿಯನ್ನು ಕಾವಲು ಸಿಬ್ಬಂದಿಯೊಬ್ಬನು ಕ್ರೂರವಾಗಿ ಹಿಂಸಿಸಿದನೆಂದೂ, ನೋಡಲು ಬರುವ ಬಂಧುಗಳಿಂದ ಹಣ ಕೀಳುವುದು ಅದರ ಉದ್ದೇಶವಾಗಿತ್ತೆಂದೂ ಅದರಲ್ಲಿ ದೂರಲಾಗಿತ್ತು. ಆ ಪತ್ರಕ್ಕೆ ನಿಗದಿತ ನಮೂನೆ ಇರಲಿಲ್ಲ, ಶುಲ್ಕ ಪಾವತಿಯಾಗಿರಲಿಲ್ಲ, ವಕೀಲರ ಸಹಿಯೂ ಇರಲಿಲ್ಲ. ಆದರೂ ನ್ಯಾಯಾಲಯವು ಅದನ್ನೇ ಹೇಬಿಯಸ್ ಕಾರ್ಪಸ್ ಅರ್ಜಿಯೆಂದು ಪರಿಗಣಿಸಿತು. ತನ್ನ ಸಹಾಯಕ್ಕೆ ಇಬ್ಬರು ವಕೀಲರನ್ನು ನೇಮಿಸಿ, ಸೆರೆಮನೆಗೆ ಹೋಗಿ ಗಾಯಗೊಂಡವನನ್ನೂ ಸಾಕ್ಷಿಗಳನ್ನೂ ಕಂಡು ವರದಿ ಸಲ್ಲಿಸಲು ಅವಕಾಶ ಕಲ್ಪಿಸಿತು.

1979ರ ಡಿಸೆಂಬರ್ 20ರಂದು ಹೊರಬಂದ ತೀರ್ಪಿನ ಮುಖ್ಯ ಭಾಗವನ್ನು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಕಾಸರಗೋಡಿನ ಅಧ್ಯಾಪಕರಿಗೆ ಈ ಹೆಸರು ದೂರದ್ದಲ್ಲ. ತಲಶ್ಶೇರಿಯಲ್ಲಿ ವಕೀಲರಾಗಿದ್ದ ಅವರು 1957ರ ಕೇರಳದ ಮೊದಲ ಚುನಾಯಿತ ಸರಕಾರದಲ್ಲಿ ಸಚಿವರಾಗಿ ಸೆರೆಮನೆಗಳ ಹೊಣೆಯನ್ನೂ ಹೊತ್ತಿದ್ದರು.

ಶಿಕ್ಷೆಯೆಂದರೆ ಸ್ವಾತಂತ್ರ್ಯದ ಹರಣವೇ ಹೊರತು ಮನುಷ್ಯತ್ವದ ಹರಣವಲ್ಲ ಎಂಬುದು ಆ ತೀರ್ಪಿನ ತಿರುಳು. ಅದರ ನಿರ್ದೇಶನಗಳಲ್ಲಿ ಭಾಷಾ ಅಧ್ಯಾಪಕರು ಗಮನಿಸಬೇಕಾದವು ಹಲವು. ಸೆರೆಮನೆಗಳಲ್ಲಿ ದೂರು ಪೆಟ್ಟಿಗೆಗಳನ್ನು ಇರಿಸಬೇಕು. ಅವು ಜಿಲ್ಲಾ ಮ್ಯಾಜಿಸ್ಟ್ರೇಟರ ಹಾಗೂ ಸೆಷನ್ಸ್ ನ್ಯಾಯಾಧೀಶರ ಆದೇಶಕ್ಕೆ ಒಳಪಟ್ಟಿರಬೇಕು. ಎಲ್ಲ ಕೈದಿಗಳಿಗೂ ಅವು ಎಟುಕುವಂತಿರಬೇಕು. ನ್ಯಾಯಾಧೀಶರು ಸೆರೆಮನೆಗಳಿಗೆ ಭೇಟಿ ನೀಡಿ ಅಹವಾಲುಗಳನ್ನು ಆಲಿಸಬೇಕು. ನೇಮಕಗೊಂಡ ವಕೀಲರಿಗೆ ಕೈದಿಗಳೊಡನೆ ಗೋಪ್ಯವಾಗಿ ಮಾತನಾಡುವ ಅವಕಾಶವಿರಬೇಕು. ಕಾನೂನಿನ ತಿಳಿವಳಿಕೆ ನೀಡುವ ಕೈಪಿಡಿಯೊಂದನ್ನು ಹಿಂದಿಯಲ್ಲಿ ಸಿದ್ಧಪಡಿಸಿ ಕೈದಿಗಳಿಗೆ ಹಂಚಬೇಕು. ಅಹವಾಲುಗಳನ್ನು ಮುಕ್ತವಾಗಿ ತೋಡಿಕೊಳ್ಳಲು ಗೋಡೆಪತ್ರಿಕೆಯೂ ಇರುವುದು ಒಳಿತು. ಶಾಲೆಗಳಲ್ಲಿ ನಿತ್ಯವೂ ಬಳಸುವ ಗೋಡೆಪತ್ರಿಕೆಯನ್ನು ನ್ಯಾಯಾಲಯವು ಸೆರೆಮನೆಗೂ ಸೂಚಿಸಿತೆಂಬುದು ವಿದ್ಯಾರ್ಥಿಗಳಲ್ಲಿ ಕುತೂಹಲ ಮೂಡಿಸುವ ಸಂಗತಿ.

ಭಾಷೆಯ ಪ್ರಶ್ನೆ

ಅಹವಾಲಿನ ಹಕ್ಕು ಭಾಷೆಯ ಹಕ್ಕಿನಿಂದ ಬೇರೆಯಲ್ಲ. ಬಂಧನದ ಆಜ್ಞೆ ಅರ್ಥವಾಗದಿದ್ದರೆ ಅದಕ್ಕೆ ಉತ್ತರಿಸುವುದಾದರೂ ಹೇಗೆ? ಹರಿಕಿಶನ್ ಎಂಬವರನ್ನು 1961ರಲ್ಲಿ ನಾಗಪುರದಲ್ಲಿ ಮುಂಜಾಗ್ರತಾ ಬಂಧನದಲ್ಲಿರಿಸಿದಾಗ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ತನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಬೇಕು ಎಂದು ಅವರು ಕೇಳಿದರು; ಕೋರಿಕೆ ತಿರಸ್ಕೃತವಾಯಿತು. ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕಾರಣಗಳನ್ನು ಒದಗಿಸದಿದ್ದರೆ ಅವನ್ನು ತಿಳಿಸಿದಂತಾಗದು, ಪೊಲೀಸ್ ಅಧಿಕಾರಿಯು ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದು ಎಂದು 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿ, ಬಂಧನವನ್ನು ರದ್ದುಪಡಿಸಿತು.

ಭಾಷಾ ಅಲ್ಪಸಂಖ್ಯಾತರಿಗೆ ಇದರ ಮಹತ್ವ ಹೆಚ್ಚು. ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ನಿವಾರಣೆಗಾಗಿ ಯಾವುದೇ ವ್ಯಕ್ತಿಯು ಒಕ್ಕೂಟದ ಅಥವಾ ರಾಜ್ಯದ ಅಧಿಕಾರಿಗೆ, ಸಂದರ್ಭಾನುಸಾರ ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವನ್ನು ಕುರಿತ 350ಎ ವಿಧಿಯು ಅದರ ಬೆನ್ನಿಗೇ ಬರುತ್ತದೆ. ಒಂದು ವಿಧಿ ಮಗುವಿಗೆ ತನ್ನ ಭಾಷೆಯಲ್ಲಿ ಬರೆಯಲು ಕಲಿಸುತ್ತದೆ. ಇನ್ನೊಂದು, ಹಾಗೆ ಬರೆದುದಕ್ಕೆ ಅಧಿಕಾರಿಯ ಮೇಜಿನ ಮೇಲೆ ಜಾಗ ಕೊಡುತ್ತದೆ.

ತಿಳಿದಿರಬೇಕಾದ ಅಂಶಗಳು

* ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸಬೇಕು. ತನ್ನ ಆಯ್ಕೆಯ ವಕೀಲರ ಸಲಹೆ ಪಡೆಯುವ ಹಕ್ಕು ಆತನಿಗಿದೆ. ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಆತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 22ನೆಯ ವಿಧಿಯ ಈ ರಕ್ಷಣೆಗಳು ಮುಂಜಾಗ್ರತಾ ಬಂಧನಕ್ಕೆ ಅನ್ವಯಿಸುವುದಿಲ್ಲ. ಅದಕ್ಕೆ ಅದೇ ವಿಧಿಯಲ್ಲಿ ಪ್ರತ್ಯೇಕ ನಿಯಮಗಳಿವೆ.
* 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ, ಬಂಧನದಲ್ಲಿರುವ ವ್ಯಕ್ತಿಯು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹನು. ಸಹಾಯವಾಣಿ: 15100.
* ಸೆರೆಮನೆಯಲ್ಲಿರುವವನು ತನ್ನ ಮೇಲ್ಮನವಿಯನ್ನು ಅಲ್ಲಿನ ಅಧಿಕಾರಿಯ ಕೈಗೆ ಕೊಡಬಹುದು. ಅದನ್ನು ನ್ಯಾಯಾಲಯಕ್ಕೆ ಕಳುಹಿಸುವುದು ಆ ಅಧಿಕಾರಿಯ ಕರ್ತವ್ಯ.

ತರಗತಿ ಪ್ರಕ್ರಿಯೆ

ಅಧ್ಯಾಪಕರು ಮೊದಲು ಪತ್ರದ ಪ್ರಸಂಗವನ್ನು ಕಥನರೂಪದಲ್ಲಿ ಹೇಳಬೇಕು. ಹಿಂಸೆಯ ವಿವರಗಳನ್ನು ಬಿಡಬೇಕು. ಬಳಿಕ ಗುಂಪುಗಳಲ್ಲಿ ಚರ್ಚೆ ನಡೆಯಲಿ: ಇಂತಹ ಪತ್ರವನ್ನು ಓದುವ ನ್ಯಾಯಾಧೀಶರಿಗೆ ಯಾವ ಯಾವ ಸಂಗತಿಗಳು ಬೇಕಾಗುತ್ತವೆ? ಯಾರಿಗೆ, ಯಾವಾಗ, ಎಲ್ಲಿ, ಏನಾಯಿತು, ಕಂಡವರು ಯಾರು, ಕೋರುವ ಪರಿಹಾರವೇನು ಎಂಬ ಆರು ಪ್ರಶ್ನೆಗಳು ಕಪ್ಪುಹಲಗೆಯ ಮೇಲೆ ಮೂಡಬೇಕು. ಕಣ್ಣಾರೆ ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಬೇರೆ ಬೇರೆಯಾಗಿ ಬರೆಯುವ ಅಭ್ಯಾಸ ಇಲ್ಲಿ ಮುಖ್ಯ. ವಿಶೇಷಣಗಳು ಹೆಚ್ಚಿದಷ್ಟೂ ದೂರಿನ ಬಲ ಕುಗ್ಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಎರಡು ಮಾದರಿಗಳನ್ನು ಹೋಲಿಸಿ ಕಂಡುಕೊಳ್ಳಲಿ. ಅನಂತರ ಕಾಲ್ಪನಿಕ ಸಂದರ್ಭವೊಂದಕ್ಕೆ ಪ್ರತಿಯೊಬ್ಬರೂ ಒಂದು ಪುಟದ ಮನವಿ ಬರೆಯಲಿ.

ಅಧ್ಯಾಪಕರ ಗಮನಕ್ಕೆ

ತರಗತಿಯಲ್ಲಿರುವ ಯಾವುದೋ ಮಗುವಿನ ತಂದೆಯೋ ಅಣ್ಣನೋ ಸೆರೆಮನೆಯಲ್ಲಿರಬಹುದು. ಆದುದರಿಂದ ಸ್ಥಳೀಯ ಪ್ರಕರಣಗಳನ್ನು ಉದಾಹರಿಸಬಾರದು. ಮನೆಯ ಅನುಭವವನ್ನು ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು. “ಅಪರಾಧಿಗೇಕೆ ಹಕ್ಕು?” ಎಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ಗದರಬಾರದು. ಸೆರೆಯಲ್ಲಿರುವವರಲ್ಲಿ ವಿಚಾರಣೆ ಮುಗಿಯದವರೂ ಇದ್ದಾರೆ. ಅಪರಾಧ ಸಾಬೀತಾದವನಿಗೂ ನ್ಯಾಯಾಲಯ ವಿಧಿಸಿದುದಕ್ಕಿಂತ ಹೆಚ್ಚಿನ ಶಿಕ್ಷೆ ಕೊಡುವ ಅಧಿಕಾರ ಕಾವಲುಗಾರನಿಗಿಲ್ಲ. ಈ ಎರಡು ಮಾತುಗಳನ್ನು ಮುಂದಿಟ್ಟು ಪ್ರಶ್ನೆಯನ್ನು ತರಗತಿಗೇ ಮರಳಿಸಬೇಕು.

ಮೌಲ್ಯಮಾಪನ

1. ನಮೂನೆಯಿಲ್ಲದ ಪತ್ರವನ್ನು ನ್ಯಾಯಾಲಯವು ಅರ್ಜಿಯಾಗಿ ಸ್ವೀಕರಿಸಿದುದರ ಔಚಿತ್ಯವೇನು?
2. ದೂರು ಪೆಟ್ಟಿಗೆಯು ಸೆರೆಮನೆಯ ಸಿಬ್ಬಂದಿಯ ವಶದಲ್ಲೇ ಇದ್ದರೆ ಏನಾಗಬಹುದು?
3. ಸುನಿಲ್ ಬಾತ್ರಾ ಬರೆದದ್ದು ಇನ್ನೊಬ್ಬನ ನೋವನ್ನು. ಓದುಬರಹ ಬಲ್ಲವನಿಗೆ ಅದನ್ನು ಬಲ್ಲದವನ ವಿಷಯದಲ್ಲಿ ಇರುವ ಹೊಣೆಯನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.