ವೋಲ್ಟೇಜ್ ಇಳಿದರೆ ಆಂಪಿಯರ್ ಯಾಕೆ ಏರುತ್ತದೆ?

ಪ್ರಶ್ನೆ: ನಾನು ಪಿಯುಸಿ ಎರಡನೇ ವರ್ಷದ ವಿದ್ಯಾರ್ಥಿ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ವಾಟ್ ಎಂದು ಪಾಠದಲ್ಲಿದೆ. ಹಾಗಾದರೆ ವೋಲ್ಟೇಜ್ ಇಳಿದಾಗ ಕರೆಂಟೂ ಇಳಿಯಬೇಕು. ನಮ್ಮ ಹೊಲದ ಬೋರಿನ ಪ್ಯಾನೆಲ್ ಬೋರ್ಡಿನಲ್ಲಿ ಮಾತ್ರ ವೋಲ್ಟ್ ಮೀಟರಿನ ಮುಳ್ಳು ಇಳಿದಾಗಲೆಲ್ಲ ಆಂಪಿಯರ್ ಮುಳ್ಳು ಮೇಲೇರುತ್ತದೆ. ಓಮ್‌ನ ನಿಯಮ ನಮ್ಮ ಹೊಲಕ್ಕೆ ಅನ್ವಯಿಸುವುದಿಲ್ಲವೇ?
– ಓದುಗರೊಬ್ಬರು, ಹಾನಗಲ್ ತಾಲ್ಲೂಕು

ಉತ್ತರ: ಅನ್ವಯಿಸುತ್ತದೆ. ಆದರೆ ನೀವು ಅದನ್ನು ಮೋಟಾರಿನಲ್ಲಿ ಹುಡುಕುತ್ತಿದ್ದೀರಿ, ಅದು ಇರುವುದು ಕಂಬದ ಮೇಲಿನ ತಂತಿಯಲ್ಲಿ.

ಸುಲಭದ ಲೆಕ್ಕ ಮೊದಲು ಮುಗಿಸೋಣ. ಬಚ್ಚಲಲ್ಲಿ ನೀರು ಕಾಯಿಸುವ 1000 ವಾಟಿನ ಕಾಯಿಲ್ 230 ವೋಲ್ಟಿಗೆ 4.35 ಆಂಪಿಯರ್ ಎಳೆಯುತ್ತದೆ. ಭಾಗಿಸಿದರೆ ರೋಧ ಸುಮಾರು 53 ಓಮ್. ವೋಲ್ಟೇಜ್ 180ಕ್ಕೆ ಕುಸಿದರೂ ಕಾಯಿಲಿನ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕರೆಂಟ್ 3.4 ಆಂಪಿಯರಿಗೆ ಇಳಿಯುತ್ತದೆ. ಎರಡನ್ನೂ ಗುಣಿಸಿ: 612 ವಾಟ್. ಇಪ್ಪತ್ತು ನಿಮಿಷಕ್ಕೆ ಕಾಯುತ್ತಿದ್ದ ಬಕೆಟ್ ನೀರಿಗೆ ಅರ್ಧ ಗಂಟೆ ದಾಟುತ್ತದೆ. ನಿಮ್ಮ ಪಾಠ ಹೇಳುವುದು ಇಂಥ ಸಾಧು ವಸ್ತುಗಳ ಬಗ್ಗೆ. ಹಳೆಯ ತಂತಿಬಲ್ಬು ಕೂಡ ಇಷ್ಟು ಸಾಧುವಲ್ಲ: 100 ವಾಟಿನದು ಉರಿಯುವಾಗ 529 ಓಮ್, ಆರಿಸಿ, ತಣ್ಣಗಾದ ಮೇಲೆ ಮಲ್ಟಿಮೀಟರ್ ಹಚ್ಚಿದರೆ ಅದರ ಹತ್ತನೇ ಒಂದು ಭಾಗವೂ ತೋರಿಸುವುದಿಲ್ಲ.

ಇನ್ನು ಮೋಟಾರು. 5 ಎಚ್‌ಪಿ ಎಂದರೆ 3730 ವಾಟ್. ಸಬ್‌ಮರ್ಸಿಬಲ್ ಮೋಟಾರಿನ ದಕ್ಷತೆ ನೂರಕ್ಕೆ ಎಪ್ಪತ್ತೈದು ಎಂದುಕೊಂಡರೆ ಲೈನಿನಿಂದ ಎಳೆಯುವುದು ಸುಮಾರು 5000 ವಾಟ್. ತ್ರೀ ಫೇಸ್ ಆದ್ದರಿಂದ ಬರೀ ಗುಣಾಕಾರ ಸಾಲದು. ವೋಲ್ಟೇಜ್, ಆಂಪಿಯರ್, 1.73 ಮತ್ತು ಪವರ್ ಫ್ಯಾಕ್ಟರ್, ನಾಲ್ಕನ್ನೂ ಗುಣಿಸಬೇಕು. ಪವರ್ ಫ್ಯಾಕ್ಟರ್ 0.8 ಎಂದು ಹಿಡಿಯಿರಿ; 415 ವೋಲ್ಟಿಗೆ 8.7 ಆಂಪಿಯರ್ ಬರುತ್ತದೆ. ಈಗ ವೋಲ್ಟೇಜ್ 340 ಆಯಿತು ಅನ್ನಿ. ಬೋರಿನ ಆಳ ಕಡಿಮೆಯಾಗಲಿಲ್ಲ, ಎತ್ತಬೇಕಾದ ನೀರಿನ ಭಾರವೂ ಕಡಿಮೆಯಾಗಲಿಲ್ಲ. ಮೋಟಾರಿನ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು 50 ಹರ್ಟ್ಜ್, ಅದಂತೂ ಬದಲಾಗಿಲ್ಲ. ಹೆಚ್ಚುಕಡಿಮೆ ಅದೇ 5000 ವಾಟ್ ಬೇಕೇ ಬೇಕು. ವೋಲ್ಟೇಜ್ ಕೊರತೆಯನ್ನು ಮೋಟಾರು ಆಂಪಿಯರಿನಲ್ಲಿ ತುಂಬಿಕೊಳ್ಳುತ್ತದೆ: 10.6. ನಿಮ್ಮ ಮುಳ್ಳು ಏರುವುದು ಇದಕ್ಕೇ. ವೈಂಡಿಂಗಿನ ಶಾಖ ಆಂಪಿಯರಿನ ವರ್ಗದಂತೆ ಏರುವುದರಿಂದ ಅದು ಒಂದೂವರೆ ಪಟ್ಟಾಗುತ್ತದೆ. ಲೋ ವೋಲ್ಟೇಜಿನಲ್ಲಿ ಮೋಟಾರು ಸುಡುವುದರ ಗುಟ್ಟು ಇಷ್ಟೇ.

ವೈಂಡಿಂಗಿನ ರೋಧ ಅಳೆದರೆ ಕೆಲವೇ ಓಮ್. ಪಾಠದ ಸೂತ್ರವನ್ನು ಅಲ್ಲಿಗೇ ಹಚ್ಚಿದರೆ ಹತ್ತಾರು ಆಂಪಿಯರ್ ಹರಿಯಬೇಕಿತ್ತು. ಸ್ಟಾರ್ಟ್ ಆಗುವ ಕ್ಷಣದಲ್ಲಿ ಹಾಗೇ ಹರಿಯುತ್ತದೆ, ಮಾಮೂಲಿನ ಐದಾರು ಪಟ್ಟು. ಮೋಟಾರು ತಿರುಗತೊಡಗಿದ ಮೇಲೆ ಒಳಗೇ ಹುಟ್ಟುವ ಎದುರು ವೋಲ್ಟೇಜ್ ಅದನ್ನು ತಡೆದು ಹಿಡಿಯುತ್ತದೆ.

ಹಾಗಾದರೆ ವೋಲ್ಟೇಜ್ ಇಳಿಯುವುದಾದರೂ ಯಾಕೆ? ಓಮ್ ಬರುವುದು ಇಲ್ಲಿ. ಜರ್ಮನಿಯ ಕಲೋನ್‌ನಲ್ಲಿ ಶಾಲಾ ಮೇಷ್ಟ್ರಾಗಿದ್ದ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಹುಟ್ಟಿದ್ದೇ ಉದ್ದ, ದಪ್ಪ ಬೇರೆ ಬೇರೆಯಿದ್ದ ತಂತಿಗಳನ್ನು ಪರೀಕ್ಷಿಸಿ. ನಮ್ಮ ಕಂಬಗಳ ಮೇಲಿನ ತಂತಿಗೂ ಅದು ಚಾಚೂ ತಪ್ಪದೆ ಹೊಂದುತ್ತದೆ. ಈ ತಂತಿಗಳಿಗೆ ಪ್ರಾಣಿಗಳ ಹೆಸರು. ಲೈನ್‌ಮನ್ನರ ಬಾಯಲ್ಲಿ ರ‍್ಯಾಬಿಟ್, ವೀಸೆಲ್. ತೆಳ್ಳಗಿನ ವೀಸೆಲ್‌ಗೆ ಕಿಲೋಮೀಟರಿಗೆ ಸುಮಾರು 0.9 ಓಮ್. ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಒಂದು ಕಿಲೋಮೀಟರ್ ದೂರದಲ್ಲಿ ತಲಾ 9 ಆಂಪಿಯರಿನ ಐದು ಪಂಪು ಓಡುತ್ತಿದ್ದರೆ 45 ಆಂಪಿಯರ್. 0.9ರಿಂದ ಗುಣಿಸಿ: ಒಂದೊಂದು ಫೇಸಿಗೆ 40 ವೋಲ್ಟ್ ತಂತಿಯಲ್ಲೇ ಖರ್ಚು, ಫೇಸ್‌ನಿಂದ ಫೇಸ್‌ಗೆ ನೋಡಿದರೆ 70. ಟಿ.ಸಿ. ಹತ್ತಿರ 415 ಇದ್ದದ್ದು ನಿಮ್ಮ ಬೋರಿನ ಹತ್ತಿರ 345. ಮೂರೂ ತಂತಿ ಕಾಯಲು ಹೋದ ವಿದ್ಯುತ್ತು ಸುಮಾರು 5.5 ಕಿಲೋವಾಟ್, ಅಂದರೆ ಆರನೇ ಪಂಪೊಂದು ನಡೆಯುವಷ್ಟು. ಈ ಆರನೇ ಪಂಪು ಯಾರ ಹೊಲಕ್ಕೂ ನೀರು ಹಾಯಿಸುವುದಿಲ್ಲ. ವೋಲ್ಟೇಜ್ ಇಳಿದಂತೆ ಮೋಟಾರುಗಳು ಇನ್ನಷ್ಟು ಆಂಪಿಯರ್ ಎಳೆಯುತ್ತವೆ, ತಂತಿಯಲ್ಲಿ ಇನ್ನಷ್ಟು ವೋಲ್ಟ್ ಹೋಗುತ್ತದೆ.

ಶಿಗ್ಗಾವಿಯ ಹೊಲವಿರಲಿ, ಸವಣೂರಿನ ಎಲೆತೋಟವಿರಲಿ, ಹಿರೇಕೆರೂರಿನ ಗೋವಿನಜೋಳವಿರಲಿ, ಹೆಸ್ಕಾಂನ ತ್ರೀ ಫೇಸ್ ಬರುವುದು ದಿನದ ಕೆಲವೇ ಗಂಟೆ. ಎಲ್ಲರ ಬೋರಿಗೂ ಆಟೋ ಸ್ಟಾರ್ಟರ್. ಕರೆಂಟು ಬಂದ ಗಳಿಗೆಗೇ ಸಾಲಿನ ಅಷ್ಟೂ ಮೋಟಾರು ಒಟ್ಟಿಗೆ ಏಳುತ್ತವೆ, ಐದಾರು ಪಟ್ಟು ಆಂಪಿಯರಿನೊಂದಿಗೆ. ಆಟೋದಲ್ಲಿ ಟೈಮರ್ ಇದ್ದರೆ ನೆರೆಹೊರೆಯವರು ಮಾತಾಡಿಕೊಂಡು ಒಬ್ಬೊಬ್ಬರು ಒಂದೆರಡು ನಿಮಿಷ ಹಿಂದೆ ಮುಂದೆ ಇಟ್ಟುಕೊಳ್ಳಬಹುದು. ಕೆಪಾಸಿಟರ್ ಸರಿಯಿದ್ದು ಪವರ್ ಫ್ಯಾಕ್ಟರ್ 0.95ಕ್ಕೆ ಬಂದರೆ ಲೈನಿನ 9 ಆಂಪಿಯರ್ 7.6ಕ್ಕೆ ಇಳಿಯುತ್ತದೆ, ಐವರೂ ಹಾಕಿದರೆ ತಂತಿಯ ನಷ್ಟ 5.5ರಿಂದ 3.9 ಕಿಲೋವಾಟಿಗೆ ಬರುತ್ತದೆ. ಕೆಟ್ಟ ಕೆಪಾಸಿಟರನ್ನು ಕಿತ್ತುಹಾಕಿ ನೇರ ಜೋಡಿಸುವುದು, ಟ್ರಿಪ್ ಆಗುತ್ತದೆಂದು ಓವರ್‌ಲೋಡ್ ರಿಲೇಯ ತಿರುಪು ಏರಿಸುವುದು, ಇವೆರಡೂ ರಿವೈಂಡಿಂಗ್ ಅಂಗಡಿಗೆ ವ್ಯಾಪಾರ ಕೊಡುವ ಕೆಲಸ.

ನಿಮ್ಮ ಲೈನಿನ ರೋಧವನ್ನು ಪ್ಯಾನೆಲ್ ಬಾಗಿಲು ತೆರೆಯದೆ ನೀವೇ ಲೆಕ್ಕ ಹಾಕಬಹುದು. ನಿಮ್ಮ ಪಂಪು ನಿಂತಿರುವಾಗ ವೋಲ್ಟೇಜ್ ಬರೆದುಕೊಳ್ಳಿ. ಪಂಪು ಹಾಕಿ, ಮುಳ್ಳು ನೆಲೆಗೊಂಡ ಮೇಲೆ ವೋಲ್ಟೇಜ್, ಆಂಪಿಯರ್ ಎರಡನ್ನೂ ಬರೆಯಿರಿ. ಎರಡು ವೋಲ್ಟೇಜುಗಳ ವ್ಯತ್ಯಾಸವನ್ನು 1.73ರಿಂದ, ಬಂದದ್ದನ್ನು ಆಂಪಿಯರಿನಿಂದ ಭಾಗಿಸಿ. 405 ಇದ್ದದ್ದು 391 ಆಗಿ, 9 ಆಂಪಿಯರ್ ತೋರಿಸಿದರೆ ಉತ್ತರ ಸುಮಾರು 0.9 ಓಮ್. ಡಿಜಿಟಲ್ ಮೀಟರಿದ್ದರೆ ಒಳ್ಳೆಯದು. ಅಳೆಯುವಷ್ಟು ಹೊತ್ತು ಪಕ್ಕದ ಹೊಲದವರು ತಮ್ಮ ಪಂಪಿನ ಸ್ವಿಚ್ ಮುಟ್ಟದಂತೆ ಹೇಳಿಡಿ.