ವೆಡ್ಜ್ ಕೊಳ್ಳುವ ಮುನ್ನ ಡಿಗ್ರಿ ನೋಡಿ

ಗ್ರೀನ್‌ಗೆ ಇನ್ನು ಅರವತ್ತೇ ಗಜ. ಚೆಂಡೂ ಚೆನ್ನಾಗಿಯೇ ಕೂತಿದೆ. ಆದರೂ ಹವ್ಯಾಸಿ ಗಾಲ್ಫರ್‌ಗಳು ಹೊಡೆತ ಕಳೆದುಕೊಳ್ಳುವುದು ಇಲ್ಲಿಯೇ. ಎಷ್ಟೋ ಸಲ ಅದರ ಕಾರಣ ಬ್ಯಾಗಿನಲ್ಲೇ ಇರುತ್ತದೆ.

ಹಿಂದೆ 48 ಡಿಗ್ರಿಯಷ್ಟಿದ್ದ ಪಿಚಿಂಗ್ ವೆಡ್ಜ್‌ನ ಲಾಫ್ಟ್ (ಕ್ಲಬ್ಬಿನ ಮುಖದ ಓರೆ ಕೋನ) ಈಗಿನ ಹಲವು ಸೆಟ್‌ಗಳಲ್ಲಿ 44ರ ಆಸುಪಾಸಿಗೆ ಇಳಿದಿದೆ. ಸ್ಯಾಂಡ್ ವೆಡ್ಜ್ ಮಾತ್ರ 54–56ರಲ್ಲೇ ಉಳಿದಿದೆ. ನಡುವಿನ ಈ ಅಂತರವನ್ನು ತೋಳ್ಬಲದಿಂದ ತುಂಬಲು ಹೋದರೆ ಚೆಂಡು ಗ್ರೀನ್ ದಾಟುತ್ತದೆ, ಇಲ್ಲವೇ ಅದರ ಮುಂದಿನ ಬಂಕರ್‌ಗೆ ಬೀಳುತ್ತದೆ. 50 ಡಿಗ್ರಿಯ ಗ್ಯಾಪ್ ವೆಡ್ಜ್ ಇರುವುದೇ ಇದಕ್ಕಾಗಿ. 14 ಕ್ಲಬ್‌ಗಳ ಮಿತಿಯೊಳಗೆ ಅದಕ್ಕೆ ಜಾಗ ಬೇಕಾದರೆ, ಅಪರೂಪಕ್ಕೆ ಬಳಸುವ ಉದ್ದನೆಯ ಐರನ್ ಒಂದನ್ನು ಮನೆಯಲ್ಲೇ ಬಿಡಬಹುದು.

ಲಾಫ್ಟ್ ನೋಡಿ ಕೊಂಡವರೂ ಬೌನ್ಸ್ ಮರೆಯುತ್ತಾರೆ. ಕ್ಲಬ್ಬಿನ ಮುಂದಿನ ಅಂಚಿಗಿಂತ ತಳ ಕೆಳಕ್ಕೆ ಉಬ್ಬಿಕೊಂಡಿರುತ್ತದಲ್ಲ, ಆ ಕೋನವೇ ಬೌನ್ಸ್. ಗಾಲ್ಫರ್ ಜೀನ್ ಸಾರಾಜೆನ್ ಕ್ಲಬ್ಬಿನ ತಳಕ್ಕೆ ಬೆಸುಗೆಯ ಲೋಹ ಸೇರಿಸಿ, ಮರಳಿನಲ್ಲಿ ಹೂತುಹೋಗದೆ ಜಾರುವಂಥ ವೆಡ್ಜ್ ಮಾಡಿಕೊಂಡರು. 1932ರ ಬ್ರಿಟಿಷ್ ಓಪನ್ ಗೆದ್ದಾಗ ಅದು ಅವರ ಬ್ಯಾಗಿನಲ್ಲಿತ್ತು. ಮೆದು ಮರಳಿಗೆ, ಮಳೆಯಲ್ಲಿ ನೆನೆದ ನೆಲಕ್ಕೆ 10 ಡಿಗ್ರಿಗೂ ಮೇಲಿನ ಬೌನ್ಸ್ ಒಳ್ಳೆಯದು. ಬೇಸಿಗೆಯ ಗಟ್ಟಿ ನೆಲದಲ್ಲಿ ಅದೇ ಕ್ಲಬ್ ಪುಟಿದು ಚೆಂಡಿನ ನಡುವಿಗೆ ಬಡಿಯುತ್ತದೆ. ಅಲ್ಲಿಗೆ ಕಡಿಮೆ ಬೌನ್ಸ್ ಇರಲಿ.

ಹೊಡೆಯುವಾಗ ಬಲ ಹೆಚ್ಚುಕಡಿಮೆ ಮಾಡುವ ಬದಲು ಕೈ ಹಿಂದಕ್ಕೆ ಹೋಗುವ ಎತ್ತರ ಬದಲಿಸಬೇಕು: ಸೊಂಟದವರೆಗೆ, ಎದೆಯವರೆಗೆ, ಭುಜದವರೆಗೆ. ಪ್ರತಿ ವೆಡ್ಜ್‌ನಲ್ಲೂ ಈ ಮೂರರಿಂದ ಚೆಂಡು ಎಷ್ಟೆಷ್ಟು ಗಜ ಹಾರುತ್ತದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಅದು ಕೈಗೆ ಹತ್ತಿದ ಮೇಲೆ 60 ಡಿಗ್ರಿಯ ಲಾಬ್ ವೆಡ್ಜ್ ಕೊಂಡರಾಯಿತು.